ಸಹಾಯ ಬೇಕು: ಮೈದನಹಳ್ಳಿ ಹುಲ್ಲುಗಾವಲಿನಲ್ಲಿ ಹೂವು, ಚಿಟ್ಟೆ

ನಮಸ್ಕಾರ. ಈ ಭಾನುವಾರ ತುಮಕೂರಿಂದ ನಾಲ್ಕು ಜನ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿರೋ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶಕ್ಕೆ ಹೊರಟಿದ್ದೇವೆ. ಕೃಷ್ಣಮೃಗ ಕಂಡರೆ ಸಂತೋಷವೇ, ಆದರೆ ಹೋಗ್ತಿರೋದು ಹೂವು-ಚಿಟ್ಟೆಗೆ. ವಿಷ್ಣುಕ್ರಾಂತಿ ಮಧ್ಯಾಹ್ನಕ್ಕೆ ಮುದುಡುತ್ತೆ, ಮೈ ಬಿಸಿಯಾಗದೆ ಚಿಟ್ಟೆ ಹಾರಲ್ಲ. ಹಾಗಾಗಿ 8ರಿಂದ 11ರೊಳಗೆ ಮುಗಿಸುವ ಲೆಕ್ಕ.

ಗೊತ್ತಿರೋರು ಹೇಳಿ: ಒಳಗೆ ಹೋಗಲು ಮಧುಗಿರಿ ಅರಣ್ಯ ಕಚೇರಿಯಲ್ಲಿ ಮೊದಲೇ ಅನುಮತಿ ಬೇಕಾ? ಮಳೆ ಬಿದ್ದ ಮೇಲೆ ಕೊನೆಯ ಮಣ್ಣು ದಾರಿಗೆ ಸಣ್ಣ ಕಾರು ಇಳಿಸಬಹುದಾ, ಚಕ್ರ ಹೂತುಕೊಳ್ಳುತ್ತಾ? ತುಂಬೆ, ತಂಗಡಿ ಹೂ ಬಿಟ್ಟಿರೋದು ದಾರಿಯ ಬದಿಯಲ್ಲೇ ಸಿಗುತ್ತಾ? ಹುಲ್ಲಿನೊಳಗೆ ನುಗ್ಗೋಕೆ ಇಷ್ಟವಿಲ್ಲ, ನೆಲಗುಬ್ಬಿ ಗೂಡು ಕಾಲಡಿ ಸಿಕ್ಕಿಬಿಡುತ್ತೆ.

ಎಕ್ಕದ ಗಿಡ ಎಲ್ಲಿದೆ ಅಂತಲೂ ತಿಳಿಸಿ. ಎಲೆ ಮೇಲೆ ಪ್ಲೇನ್ ಟೈಗರ್ ಚಿಟ್ಟೆಯ ಹುಳು ಹುಡುಕಬೇಕು: ಕಪ್ಪು-ಬಿಳಿ-ಹಳದಿ ಪಟ್ಟೆ, ಮೂರು ಜೊತೆ ಕಪ್ಪು ಕೋಡು. ಶನಿವಾರ ಸಂಜೆಯೊಳಗೆ ಉತ್ತರ ಸಿಕ್ಕರೆ ಉಪಕಾರ.