ಬಿಯರ್‌ಗೆ ಬಾರ್ಲಿ ಮೂಟೆ: ಎಂಟು ಬೇಕು, ಯಾರು ಸೇರುತ್ತೀರಿ?

ಎಡಿಸನ್ ವಾಸಿ: ನ್ಯೂಜೆರ್ಸಿಯಲ್ಲಿ ಮನೆಯಲ್ಲೇ ಬಿಯರ್ ಮಾಡುವ ಕನ್ನಡಿಗರಿಗೆ ಒಂದು ಮಾತು. ಐದು ಗ್ಯಾಲನ್ ಬಿಯರ್‌ಗೆ ಸುಮಾರು 10 ಪೌಂಡ್ ಬಾರ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಬೇಕು. ನಾನು ಕೊಳ್ಳುವ ಅಂಗಡಿಯಲ್ಲಿ ಬಿಡಿಯಾಗಿ ಪೌಂಡಿಗೆ 2 ಡಾಲರ್. 55 ಪೌಂಡಿನ ಇಡೀ ಮೂಟೆ 70ಕ್ಕೆ ಸಿಕ್ಕಿತು. ಎಂಟು ಮೂಟೆ ಒಟ್ಟಿಗೆ ಎತ್ತಿದರೆ ಇನ್ನೂ ಇಳಿಸುತ್ತಾನಂತೆ. ಯಾರು ಬರುತ್ತೀರಿ?

ಲೆಕ್ಕದ ಪುಸ್ತಕ: ಗಿರಣಿಯ ಖರ್ಚನ್ನು ಎಲ್ಲಿ ಬಚ್ಚಿಟ್ಟಿರಿ? ಬಿಡಿಯಾಗಿ ಕೊಂಡರೆ ಅಂಗಡಿಯವರೇ ಒಡೆದು ಕೊಡುತ್ತಾರೆ. ಮೂಟೆಯಲ್ಲಿ ಬರುವುದು ಇಡಿ ಕಾಳು. ಎರಡು ಉರುಳೆಯ ಗಿರಣಿಗೆ ನಾನು 140 ಡಾಲರ್ ತೆತ್ತೆ. ಮೂಟೆಗೆ 40 ಉಳಿದರೆ ಗಿರಣಿಯ ದುಡ್ಡು ಹುಟ್ಟಲು ನಾಲ್ಕನೇ ಮೂಟೆ ಬರಬೇಕು.

ಮಳೆಗಾಲ: ಗಿರಣಿ ಏಕೆ? ಮನೆಯಲ್ಲಿ ಮಿಕ್ಸಿ ಇಲ್ಲವೇ?

ಲೆಕ್ಕದ ಪುಸ್ತಕ: ಹಾಕಿ ನೋಡಿ. ಕಾಳು ಒಡೆಯಬೇಕು, ಹೊಟ್ಟು ಇಡಿಯಾಗಿ ಉಳಿಯಬೇಕು. ಬಿಸಿನೀರಲ್ಲಿ ನೆನೆಸಿ ರಸ ಇಳಿಸುವಾಗ ಆ ಹೊಟ್ಟೇ ಸೋಸುವ ಜರಡಿ. ಮಿಕ್ಸಿಯಲ್ಲಿ ಅದೂ ಪುಡಿಯಾದರೆ ಪಾತ್ರೆಯ ತಳದಲ್ಲಿ ಅಂಬಲಿ ಕಟ್ಟಿಕೊಂಡು ನಲ್ಲಿಯಿಂದ ತೊಟ್ಟೂ ಇಳಿಯುವುದಿಲ್ಲ.

ಮಂಡ್ಯ ಮೂಲ: ಅಂಬಲಿ ಎಂದಿರಲ್ಲ, ಅಲ್ಲಿಗೇ ಬನ್ನಿ. ಇಂಡಿಯನ್ ಅಂಗಡಿಯಲ್ಲಿ ರಾಗಿ ಇರುವಾಗ ಬಾರ್ಲಿಯ ಹಂಗೇಕೆ? ಉಗಾಂಡದ ತೇಸೊ ಜನ ರಾಗಿಯಲ್ಲೇ ಬಿಯರ್ ಮಾಡುತ್ತಾರೆ. ಸಿಕ್ಕಿಂನ ತೊಂಗ್ಬಾ ಎಂಬ ಬಿಯರ್ ಕೂಡ ರಾಗಿಯದೇ. ಒಂದಿಷ್ಟು ಹುರಿಹಿಟ್ಟು ಮಾಡಿಕೊಂಡರೆ ಮಾಲ್ಟ್ ಸಿದ್ಧ.

ಹಾಸನದ ಸೊಸೆ: ಹುರಿಹಿಟ್ಟು ಮಾಲ್ಟ್ ಅಲ್ಲ! ರಾಗಿಗೆ ನೀರು ಚಿಮುಕಿಸಿ, ಕಾದ ಬಾಣಲೆಯಲ್ಲಿ ಅರಳು ಹುರಿದು ಬೀಸಿದರೆ ಹುರಿಹಿಟ್ಟು. ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಮೊಳಕೆ ಉಜ್ಜಿ ತೆಗೆದು ಬೀಸಿದರೆ ಮಾಲ್ಟ್. ಎರಡನ್ನೂ ಒಂದೇ ಡಬ್ಬಿಗೆ ತುಂಬಬೇಡಿ.

ಮಂಡ್ಯ ಮೂಲ: ನಮ್ಮ ಮನೆಯಲ್ಲಿ ಮೊಳಕೆಯ ರಾಗಿಯನ್ನೇ ಹುರಿದು ಹುರಿಹಿಟ್ಟು ಎನ್ನುತ್ತೇವೆ. ಹಾಸನದವರನ್ನು ಕೇಳಿ ನಾವು ಹೆಸರಿಡಬೇಕಾಗಿಲ್ಲ.

ಲೆಕ್ಕದ ಪುಸ್ತಕ: ಹೆಸರು ಏನೇ ಇರಲಿ, ಹುರಿದಿರಲ್ಲ, ಅಲ್ಲಿಗೆ ಮುಗಿಯಿತು. ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಹುರಿದರೆ ಸಾಯುತ್ತದೆ.

ಮಂಡ್ಯ ಮೂಲ: ರಾಗಿಯಲ್ಲಿ ಕಿಣ್ವವಿಲ್ಲ ಎನ್ನುತ್ತೀರಾ? ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ರಾಗಿ ಮಾಲ್ಟಿನ ಮೇಲೆ ಕೆಲಸ ಮಾಡಿದ್ದು ಸುಮ್ಮನೆಯೇ? ಗಟ್ಟಿ ಗಂಜಿಗೆ ಒಂದು ಚಮಚ ಮೊಳಕೆ ಹಿಟ್ಟು ಕಲಸಿ ನೋಡಿ, ಕಣ್ಣೆದುರೇ ನೀರಾಗುತ್ತದೆ.

ಹಾಸನದ ಸೊಸೆ: ನೀರಾಗುವುದು ಹುರಿಯದ ಹಿಟ್ಟಿನಿಂದ. ಅದನ್ನು ನೀವೇ ಈಗ ‘ಮೊಳಕೆ ಹಿಟ್ಟು’ ಎಂದಿರಿ, ‘ಹುರಿಹಿಟ್ಟು’ ಎನ್ನಲಿಲ್ಲ. ಗಮನಿಸಿದಿರಾ?

ಮಂಡ್ಯ ಮೂಲ: ಬಾಯಿತಪ್ಪಿನಲ್ಲಿ ವಾದ ಗೆಲ್ಲುವ ಚಾಳಿ.

ಹಾಸನದ ಸೊಸೆ: ಬಾಯಿ ತಪ್ಪಿದಾಗಲೇ ನಿಜ ಹೊರಬರುವುದು. ನನ್ನ ಅತ್ತೆಯ ಮುಂದೆ ಇದನ್ನು ಹೇಳಿದ್ದರೆ ಒನಕೆ ಹಿಡಿದು ಬರುತ್ತಿದ್ದರು.

ಬಸವನಗುಡಿ: ಮನೆಯಲ್ಲಿ ಮದ್ಯ ತಯಾರಿಸುವ ಚರ್ಚೆಯೇ? 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ, ನೆನಪಿರಲಿ.

ಎಡಿಸನ್ ವಾಸಿ: ಸ್ವಾಮಿ, ನಾವಿರುವುದು ಅಮೆರಿಕದಲ್ಲಿ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ ಇಬ್ಬರು ವಯಸ್ಕರ ಮನೆಗೆ ವರ್ಷಕ್ಕೆ 200 ಗ್ಯಾಲನ್ ಬಿಯರ್ ಮಾಡಿಕೊಳ್ಳಬಹುದು. ಮಾರುವಂತಿಲ್ಲ, ಅಷ್ಟೇ.

ಬಸವನಗುಡಿ: ‘ಮಾರುವಂತಿಲ್ಲ’ ಎಂದು ನೀವೇ ಒಪ್ಪಿದಿರಿ. ಮೂಟೆ ಹಂಚಿ ಹಣ ತೆಗೆದುಕೊಳ್ಳುವುದು ಮತ್ತೇನು?

ಎಡಿಸನ್ ವಾಸಿ: ಬಾರ್ಲಿ ಮಾರಿದರೆ ಬಿಯರ್ ಮಾರಿದ ಹಾಗಾದರೆ, ಅಕ್ಕಿ ಮಾರುವವನೂ ಹೋಟೆಲ್ ನಡೆಸಿದ ಹಾಗಾಯಿತು.

ಮಳೆಗಾಲ: ಅಕ್ಕಿ ಎಂದಾಗ ನೆನಪಾಯಿತು. ನನ್ನ ಅಕ್ಕಿ ಮೂಟೆಗೆ ಹುಳ ಬಿದ್ದಿತ್ತು. ಬಾರ್ಲಿಗೆ ಬೇವಿನ ಸೊಪ್ಪು ಹಾಕಿದರೆ ಸಾಕೇ?

ಲೆಕ್ಕದ ಪುಸ್ತಕ: ಬೇವು ಬೇಡ. ಗಾಳಿಯಾಡದ ಡಬ್ಬಿಯಲ್ಲಿ, ತಣ್ಣಗಿನ ಒಣ ಜಾಗದಲ್ಲಿಟ್ಟರೆ ಇಡಿ ಕಾಳು ವರ್ಷ ಬಾಳುತ್ತದೆ. ಒಡೆದದ್ದು ಕೆಲವೇ ವಾರ. ಅಂದಹಾಗೆ ಮಂಡ್ಯದವರೇ, ಬಾರ್ಲಿಗೆ ಹೊಂದಿಸಿದ ಉರುಳೆಗಳ ಸಂದಿನಲ್ಲಿ ನಿಮ್ಮ ರಾಗಿ ಒಡೆಯದೆ ಜಾರಿಹೋಗುತ್ತದೆ. ಸೋಸಲು ಬಾರ್ಲಿಯಂಥ ಹೊಟ್ಟೂ ಅದಕ್ಕಿಲ್ಲ.

ಮಂಡ್ಯ ಮೂಲ: ಸಂದು ಕಿರಿದು ಮಾಡಿಕೊಳ್ಳಲು ತಿರುಪು ಇದೆಯಲ್ಲ. ಗಿರಣಿ ನಿಮ್ಮದು, ನಿಮಗೇ ಗೊತ್ತಿಲ್ಲವೇ?

ಲೆಕ್ಕದ ಪುಸ್ತಕ: ಹೊಟ್ಟಿನ ಮಾತಿಗೆ ಉತ್ತರ?

ಹಾಸನದ ಸೊಸೆ: ಬರುವುದಿಲ್ಲ. ಹುರಿಹಿಟ್ಟಿನ ಮಾತಿಗೂ ಬರಲಿಲ್ಲ.

ಎಡಿಸನ್ ವಾಸಿ: ದಯವಿಟ್ಟು ಮೂಟೆಗೆ ಬನ್ನಿ. ನನ್ನದು ಎರಡು, ಮಳೆಗಾಲದವರು ಸಂದೇಶ ಕಳಿಸಿ ಒಂದು ಹೇಳಿದ್ದಾರೆ. ಇನ್ನೂ ಐದು ಬೇಕು. ಶುಕ್ರವಾರದೊಳಗೆ ಅಂಗಡಿಯವನಿಗೆ ತಿಳಿಸಬೇಕು. ಹಾಸನದವರೇ, ನಿಮಗೆ ಒಂದು ಬರೆದುಕೊಳ್ಳಲೇ?

ಹಾಸನದ ಸೊಸೆ: ನಾನು ಬಿಯರ್ ಕುಡಿಯುವುದೇ ಇಲ್ಲ. ಹುರಿಹಿಟ್ಟಿನ ವಿಷಯಕ್ಕೆ ಬಂದೆ.

ಮಂಡ್ಯ ಮೂಲ: ನನ್ನ ಹೆಸರಿಗೆ ಅರ್ಧ ಮೂಟೆ. ರಾಗಿಯ ಜೊತೆ ಬೆರೆಸುವುದಕ್ಕೆ ಮಾತ್ರ.