ಮಳೆಗಾಲದಲ್ಲಿ ಮರಳುಗಾಡು

ಆಷಾಢದ ಮಳೆ ಹಿಡಿದು ಮೂರು ದಿನವಾಗಿದ್ದ ಒಂದು ಸಂಜೆ, ಚಿಕ್ಕಮಗಳೂರಿನ ನಮ್ಮ ಮನೆಯ ಜಗಲಿಯಲ್ಲಿ, ಒಣಗದ ಬಟ್ಟೆಗಳ ಮುಗ್ಗಲು ವಾಸನೆಯ ನಡುವೆ ಕುಳಿತು, ನಾವು ಮೂವರು ಹನಿ ನೀರಿಗೂ ಲೆಕ್ಕವಿಡುವ ಗ್ರಹವೊಂದರ ವಿಷಯ ಮಾತನಾಡುತ್ತಿದ್ದೆವು. ಆ ಮರಳುಗಾಡಿನ ಗ್ರಹದ ಕಥೆ ಹೇಳುವ, ಫ್ರಾಂಕ್ ಹರ್ಬರ್ಟ್ ಬರೆದ, 1965ರಲ್ಲಿ ಪುಸ್ತಕವಾಗಿ ಬಂದ ‘ಡ್ಯೂನ್’ ಕಾದಂಬರಿಯನ್ನು ನಾನು ಓದಿ ಮುಗಿಸಿದ್ದೆ. ನಿವೃತ್ತ ಮೇಷ್ಟ್ರು ಮಾತ್ರ ಒಂದು ತಿಂಗಳಿನಿಂದ ಮೊದಲ ಅಧ್ಯಾಯದಲ್ಲಿಯೇ ಬಿಡಾರ ಹೂಡಿದ್ದರು.

“ಆರಂಭದಲ್ಲಿಯೇ ಗೋಮ್ ಜಬ್ಬಾರ್, ಕ್ವಿಸಾಟ್ಸ್ ಹಾಡೆರಾಕ್ ಎಂದರೆ ಮನುಷ್ಯನ ಗತಿಯೇನು?” ಎಂದು ಅವರು ಗೊಣಗಿದರು.

“ಕೊನೆಯಲ್ಲಿ ಪದಕೋಶವಿದೆಯಲ್ಲ, ಮೇಷ್ಟ್ರೇ.”

“ಇದೆ. ಒಂದು ಪದ ಹುಡುಕಲು ಹೋದರೆ ಇನ್ನೆರಡು ಗಂಟುಬೀಳುತ್ತವೆ. ಈಗ ನಾನು ಕಾದಂಬರಿಗಿಂತ ಪದಕೋಶವನ್ನೇ ಹೆಚ್ಚು ಓದಿದ್ದೇನೆ.”

ನಿಘಂಟು ನೋಡದೆ ಮುಂದಿನ ಸಾಲಿಗೆ ಹೋಗಬಾರದೆಂದು ಮೂವತ್ತು ವರ್ಷ ಪಾಠ ಹೇಳಿದವರಿಗೆ, ಅರ್ಥವಾಗದಿದ್ದರೂ ನೂರು ಪುಟ ಸುಮ್ಮನೆ ಓದಿಕೊಂಡು ಹೋಗಿ ಎನ್ನುವುದು ಹೇಗೆ? ಆದರೂ ಹೇಳಿದೆ. ಮದುವೆಮನೆಯಲ್ಲಿ ಎಲ್ಲರ ವಂಶಾವಳಿ ವಿಚಾರಿಸಿಕೊಂಡೇ ನಾವು ಎಲೆಯ ಮುಂದೆ ಕೂರುವುದಿಲ್ಲ. ಪಾಯಸ ಬರುವಷ್ಟರಲ್ಲಿ ಯಾರು ಯಾರ ಷಡ್ಡಕನೆಂಬುದು ತಾನಾಗಿಯೇ ತಿಳಿಯುತ್ತದೆ. ಸುಮಾರು 20 ಪ್ರಕಾಶಕರು ಬೇಡವೆಂದ ಈ ಹಸ್ತಪ್ರತಿಯನ್ನು ಕೊನೆಗೆ ಅಚ್ಚು ಹಾಕಿದ ಚಿಲ್ಟನ್ ಸಂಸ್ಥೆ, ಕಾರು ರಿಪೇರಿಯ ಕೈಪಿಡಿಗಳಿಗೆ ಹೆಸರಾಗಿತ್ತೆಂಬುದನ್ನೂ ತಿಳಿಸಿದೆ.

“ಹಾಗೆನ್ನಿ! ಇದನ್ನು ಬಿಚ್ಚಿ ಜೋಡಿಸಲು ಮೆಕ್ಯಾನಿಕ್ಕನೇ ಬೇಕು” ಎಂದರು ಮೇಷ್ಟ್ರು.

ಅಲ್ಲಿಯವರೆಗೆ ಎಲೆ ಅಡಿಕೆ ಮೆಲ್ಲುತ್ತಿದ್ದ ತೋಟದ ಗೌಡರು, “ಆ ಗ್ರಹದಲ್ಲಿ ಕಾಫಿ ಸಿಗುತ್ತದೆಯೇ?” ಎಂದು ಕೇಳಿದರು. ಸಿಗುತ್ತದೆ, ಅದಕ್ಕೆ ಮಸಾಲೆಯನ್ನೂ ಬೆರೆಸುತ್ತಾರೆ. ದ್ವಂದ್ವಯುದ್ಧದಲ್ಲಿ ಸೋತು ಸತ್ತವನ ಕಾಫಿ ಪಾತ್ರೆಗಳು ಗೆದ್ದ ನಾಯಕನ ಪಾಲಾಗುತ್ತವೆ ಎಂದೆ. ಬಾಬಾ ಬುಡನ್ ಏಳು ಬೀಜ ತಂದರೆಂಬ ಯೆಮನ್ ಕೂಡ ಒಣನಾಡೇ ಅಲ್ಲವೇ ಎಂದು ಗೌಡರಿಗೆ ಆ ಗ್ರಹದ ಮೇಲೆ ಒಮ್ಮೆಲೇ ಮಮತೆ ಹುಟ್ಟಿತು. ಅಲ್ಲಿನವರು ಬೆವರು, ಉಸಿರಿನ ತೇವ, ಮೂತ್ರವನ್ನೆಲ್ಲ ಸೋಸಿ ಮತ್ತೆ ಕುಡಿಯುವ ನೀರಾಗಿಸುವ ಉಡುಪು ತೊಡುತ್ತಾರೆಂದಾಗ, “ನಮ್ಮ ಗೊರಬು ನೀರನ್ನು ಹೊರಗಿಡುತ್ತದೆ, ಅವರದು ಒಳಗಿಡುತ್ತದೆ” ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಕಾದಂಬರಿ ಓದದ ಅವರಿಗೇ ಅದು ಎಲ್ಲರಿಗಿಂತ ಬೇಗ ಅರ್ಥವಾದಂತಿತ್ತು.

“ಇನ್ನೊಂದು ವಿಷಯ, ಗೌಡರೇ. ಅಲ್ಲಿ ಎದುರಿಗಿದ್ದವರ ಮೇಜಿನ ಮೇಲೆ ಉಗುಳುವುದು ದೊಡ್ಡ ಮರ್ಯಾದೆ. ಮೈಯ ನೀರನ್ನೇ ಕಾಣಿಕೆ ಕೊಟ್ಟಂತೆ.”

ಬಾಯಿ ತುಂಬಿದ್ದ ಗೌಡರು ಉತ್ತರಿಸದೆ ಎದ್ದು ನಿಂತರು. ಮೇಷ್ಟ್ರು ಪುಸ್ತಕವನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡು, “ಗೌರವವೆಲ್ಲ ಅಂಗಳಕ್ಕೇ ಸಲ್ಲಲಿ!” ಎಂದರು.