ಮಾಜಿ ಸೈನಿಕರ ಕ್ಲಿನಿಕ್‌ನಲ್ಲಿ ಟ್ಯಾಬ್ಲೆಟ್ ಮೂಲಕ ಮಾನಸಿಕ ಆರೋಗ್ಯ ತಪಾಸಣೆ: ಉತ್ತರಗಳನ್ನು ನೋಡುವವರು ಯಾರು?

ಪ್ರಶ್ನೆ (ಕ್ಲಿನಿಕ್ ಸಂಯೋಜಕಿ):
ಮಾಜಿ ಸೈನಿಕರಿಗಾಗಿ ಇರುವ ನಮ್ಮ ಕ್ಲಿನಿಕ್‌ನಲ್ಲಿ ಇದುವರೆಗೆ ಕಾಗದದ ಮೇಲೆ ತುಂಬಿಸಿಕೊಳ್ಳುತ್ತಿದ್ದ ಪ್ರಶ್ನಾವಳಿಗಳನ್ನು ಟ್ಯಾಬ್ಲೆಟ್‌ಗೆ ತರಲು ನಿರ್ಧಾರವಾಗಿದೆ. ಖಿನ್ನತೆಗೆ ಪಿಎಚ್‌ಕ್ಯೂ-9, ಆಘಾತೋತ್ತರ ಒತ್ತಡಕ್ಕೆ ಪಿಸಿ-ಪಿಟಿಎಸ್‌ಡಿ-5, ಮದ್ಯಪಾನಕ್ಕೆ ಆಡಿಟ್-ಸಿ ಆರಿಸಿಕೊಂಡಿದ್ದೇವೆ. ಅಂಕಗಳು ತಾವಾಗಿಯೇ ಲೆಕ್ಕವಾಗಿ ರೋಗಿಯ ದಾಖಲೆಗೆ ಸೇರುತ್ತವೆ. ಅದರಾಚೆಗೆ ಯಾರೂ ಯೋಚಿಸಿದಂತೆ ಕಾಣುವುದಿಲ್ಲ. ಸಿಬ್ಬಂದಿಯ ಕೆಲಸದ ಕ್ರಮವನ್ನು ಹೇಗೆ ರೂಪಿಸಬೇಕು? ಎಲ್ಲ ವಿಭಾಗಗಳಲ್ಲೂ ಒಟ್ಟಿಗೆ ಆರಂಭಿಸಬಹುದೇ?

ಉತ್ತರ 1 (ಹಿರಿಯ ಶುಶ್ರೂಷಕಿ):
ಒಟ್ಟಿಗೆ ಆರಂಭಿಸಬೇಡಿ. ಮೊದಲು ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆಯೊಂದನ್ನೇ ಹಿಡಿದುಕೊಂಡು ಇಡೀ ವ್ಯವಸ್ಥೆಯನ್ನು ಪರೀಕ್ಷಿಸಿ. ಕಳೆದ ಎರಡು ವಾರಗಳಲ್ಲಿ ಸಾಯುವುದೇ ಮೇಲು ಎಂಬ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂದು ಅದು ಕೇಳುತ್ತದೆ. ಕಾಯುವ ಕೋಣೆಯಲ್ಲಿ ಕುಳಿತ ವ್ಯಕ್ತಿ ಅದಕ್ಕೆ ‘ಹಲವು ದಿನಗಳು’ ಎಂದು ಒತ್ತಿ, ವೈದ್ಯರು ಆ ದಾಖಲೆಯನ್ನು ಸಂಜೆ ತೆರೆದರೆ, ಅಷ್ಟರಲ್ಲಿ ಉತ್ತರಿಸಿದವರು ಮನೆಗೆ ಹೋಗಿಯಾಗಿರುತ್ತದೆ. ಕಾಗದವಿದ್ದಾಗ ಅದನ್ನು ಕೈಗೆ ತೆಗೆದುಕೊಳ್ಳುವ ನರ್ಸ್ ಒಮ್ಮೆಯಾದರೂ ಕಣ್ಣು ಹಾಯಿಸುತ್ತಿದ್ದರು. ಪರದೆಗೆ ಹೋದ ಮೇಲೆ ಆ ಕಣ್ಣೋಟವೇ ಇಲ್ಲವಾಗುತ್ತದೆ. ಆದ್ದರಿಂದ ಆ ಪ್ರಶ್ನೆಗೆ ಸೊನ್ನೆಗಿಂತ (ಅಂದರೆ ‘ಇಲ್ಲವೇ ಇಲ್ಲ’ ಎಂಬುದಕ್ಕಿಂತ) ಹೆಚ್ಚಿನ ಯಾವ ಉತ್ತರ ಬಂದರೂ ಎಚ್ಚರಿಕೆಯ ಸಂದೇಶ ಆ ದಿನದ ಹೊಣೆ ಹೊತ್ತ ಒಬ್ಬರಿಗೆ ಕೂಡಲೇ ತಲುಪಬೇಕು. ‘ತಂಡಕ್ಕೆ’ ಎಂದು ಕಳುಹಿಸಿದ ಸಂದೇಶವನ್ನು ಬೇರೆ ಯಾರೋ ನೋಡಿರುತ್ತಾರೆ ಎಂದು ಎಲ್ಲರೂ ಬಿಟ್ಟುಬಿಡುತ್ತಾರೆ. ಹೊಣೆ ಹೊತ್ತವರು ರಜೆಯಲ್ಲಿದ್ದರೆ ಬದಲಿಗೆ ಯಾರು ಎಂಬುದನ್ನೂ ಬರೆದಿಡಿ.

ಉತ್ತರ 2 (ಮನಶ್ಶಾಸ್ತ್ರಜ್ಞ):
ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಸಮಯ ಉಳಿಸಲು ಎರಡೇ ಪ್ರಶ್ನೆಗಳ ಪಿಎಚ್‌ಕ್ಯೂ-2 ಬಳಸೋಣ ಎಂಬ ಸಲಹೆ ಖಂಡಿತ ಬರುತ್ತದೆ. ಅದರಲ್ಲಿ ಆ ಒಂಬತ್ತನೆಯ ಪ್ರಶ್ನೆಯೇ ಇಲ್ಲವೆಂಬುದು ನೆನಪಿರಲಿ. ಅಂಕಗಳ ವಿಷಯಕ್ಕೆ ಬಂದರೆ, ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 10 ಅಥವಾ ಹೆಚ್ಚು ಬಂದರೆ ಮುಂದಿನ ಪರಿಶೀಲನೆ ಬೇಕು ಎಂದರ್ಥವೇ ಹೊರತು ಖಿನ್ನತೆ ಇದೆ ಎಂಬ ತೀರ್ಮಾನವಲ್ಲ. ಪಿಸಿ-ಪಿಟಿಎಸ್‌ಡಿ-5ರ ಐದು ಪ್ರಶ್ನೆಗಳಲ್ಲಿ 3ಕ್ಕೆ ಗೆರೆ ಎಳೆದರೆ, ಅಂದರೆ ಮೂರು ಅಥವಾ ಹೆಚ್ಚು ‘ಹೌದು’ ಬಂದವರನ್ನೆಲ್ಲ ಸಂದರ್ಶನಕ್ಕೆ ಕರೆದರೆ, ತೊಂದರೆ ಇದ್ದೂ ಬಿಟ್ಟುಹೋಗುವವರು ಕಡಿಮೆ, ಆದರೆ ತೊಂದರೆ ಇಲ್ಲದೆಯೂ ಸಿಕ್ಕಿಬೀಳುವವರು ಹೆಚ್ಚು. 4ಕ್ಕೆ ಎಳೆದರೆ ಇದಕ್ಕೆ ತದ್ವಿರುದ್ಧ. ಸಂದರ್ಶನ ನಡೆಸಬಲ್ಲವರು ನಿಮ್ಮಲ್ಲಿ ಎಷ್ಟು ಜನರಿದ್ದಾರೆ ಎಂಬುದನ್ನು ನೋಡಿಯೇ ಈ ಗೆರೆಯನ್ನು ನಿರ್ಧರಿಸಬೇಕು. ತಂತ್ರಾಂಶದವರು ಮೊದಲೇ ಇಟ್ಟ ಅಂಕವನ್ನು ಹಾಗೆಯೇ ಒಪ್ಪಿಕೊಳ್ಳಬೇಡಿ. ಅಮೆರಿಕದ ಮಾಜಿ ಸೈನಿಕರ ಇಲಾಖೆ ಬಳಸುವ ‘ಇಸ್ಕ್ರೀನಿಂಗ್’ ವ್ಯವಸ್ಥೆಯಲ್ಲಿ ವೈದ್ಯರ ದಾಖಲೆಗೆ ಟಿಪ್ಪಣಿ ಸಿದ್ಧವಾಗುವುದರ ಜೊತೆಗೆ ಉತ್ತರಿಸಿದವರಿಗೂ ಅವರ ಫಲಿತಾಂಶದ ಸಾರಾಂಶ ಸಿಗುತ್ತದೆ. ನನಗೆ ಅದರಲ್ಲಿ ಹೆಚ್ಚು ಹಿಡಿಸಿದ್ದು ಈ ಎರಡನೆಯದು.

ಉತ್ತರ 3 (ಮಾಜಿ ಸೈನಿಕ):
ನೀವೆಲ್ಲ ಉತ್ತರ ಪ್ರಾಮಾಣಿಕವಾಗಿ ಬರುತ್ತದೆ ಎಂದುಕೊಂಡು ಮಾತನಾಡುತ್ತಿದ್ದೀರಿ. ಸೇವೆಯಲ್ಲಿದ್ದಷ್ಟು ಕಾಲ ‘ಎಲ್ಲ ಸರಿಯಿದೆ’ ಎಂದು ಬರೆದೇ ಅಭ್ಯಾಸವಾದವರು ನಾವು. ಬೇರೆ ಉತ್ತರ ಕೊಟ್ಟರೆ ಬಡ್ತಿಗೋ ನಿಯೋಜನೆಗೋ ಕುತ್ತು ಬರುತ್ತದೆಂಬ ಭಯ ನಿವೃತ್ತಿಯ ನಂತರವೂ ಹೋಗುವುದಿಲ್ಲ. ಟ್ಯಾಬ್ಲೆಟ್ ಕೊಡುವ ಮುನ್ನ ಈ ಉತ್ತರಗಳನ್ನು ಯಾರು ನೋಡುತ್ತಾರೆ, ಪಿಂಚಣಿಗೂ ಇದಕ್ಕೂ ಸಂಬಂಧವಿದೆಯೇ ಎಂಬುದನ್ನು ಬಾಯಿಮಾತಿನಲ್ಲಿ ಹೇಳಿ. ಪರದೆಯ ಮೇಲಿನ ಒಪ್ಪಿಗೆಪತ್ರವನ್ನು ಯಾರೂ ಓದುವುದಿಲ್ಲ. ಪಕ್ಕದ ಕುರ್ಚಿಯವರಿಗೆ ಪರದೆ ಕಾಣುವಂತಿದ್ದರಂತೂ ಮದ್ಯದ ಪ್ರಶ್ನೆಗಳಿಗೆ ಸೊನ್ನೆಯೇ ಬರುತ್ತದೆ.

ಪ್ರಶ್ನೆ ಕೇಳಿದವರ ಮರುನುಡಿ:
ಮೂವರಿಗೂ ಧನ್ಯವಾದಗಳು. ಒಂದೇ ವಿಭಾಗದಿಂದ ಆರಂಭಿಸಿ, ಎಚ್ಚರಿಕೆಯ ಸಂದೇಶ ಪಡೆಯುವವರ ಪಾಳಿಪಟ್ಟಿ ಸಿದ್ಧವಾಗುವವರೆಗೆ ಟ್ಯಾಬ್ಲೆಟ್‌ಗಳನ್ನು ಹೊರತೆಗೆಯಬಾರದೆಂದು ಸಭೆಯಲ್ಲಿ ಹೇಳುತ್ತೇನೆ. ದೃಷ್ಟಿ ಮಂದವಾದವರಿಗೂ ಬೆರಳು ನಡುಗುವವರಿಗೂ ಕಾಗದದ ಪ್ರತಿ ಉಳಿಸಿಕೊಳ್ಳಬೇಕೇ?

ಉತ್ತರ (ಹಿರಿಯ ಶುಶ್ರೂಷಕಿ):
ಉಳಿಸಿಕೊಳ್ಳಿ. ಆದರೆ ಅದನ್ನು ಭರ್ತಿ ಮಾಡಿದವರು ಹೊರಡುವ ಮೊದಲೇ ಯಾರಾದರೂ ಉತ್ತರಗಳನ್ನು ಕಂಪ್ಯೂಟರ್‌ಗೆ ಸೇರಿಸಬೇಕು. ಇಲ್ಲವಾದರೆ ಅವರ ಬಗ್ಗೆ ಎಚ್ಚರಿಕೆಯ ಸಂದೇಶ ಹೋಗುವುದೇ ಇಲ್ಲ.